ಹಾಸಿಗೆಗೆ ಹಾಸಿಗೆ, ಊಟಕ್ಕೆ ಊಟ

ಓದುವ ಮಕ್ಕಳು ಕೆಲವು ವಾರವೋ ಕೆಲವು ತಿಂಗಳೋ ಬೇರೆ ದೇಶದ ಒಂದು ಮನೆಯಲ್ಲಿದ್ದು, ಅಲ್ಲಿನ ಶಾಲೆಗೆ ಹೋಗಿ ಬರುವುದು ದುಡ್ಡಿದ್ದವರ ಬಾಬತ್ತು ಎಂದು ನಮ್ಮಲ್ಲಿ ಬಹುತೇಕ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಹಣವಿರುವವರು ಶಾಲೆಯೋ ಏಜೆನ್ಸಿಯೋ ಹೇಳಿದಷ್ಟು ಕಟ್ಟಿ ಕಳಿಸುತ್ತಾರೆ. ಇಲ್ಲದವರು ಶಾಲೆಯಿಂದ ಬಂದ ಸುತ್ತೋಲೆಯನ್ನು ಮಡಿಸಿಟ್ಟು, ‘ಅದೆಲ್ಲ ನಮ್ಮಂಥವರಿಗಲ್ಲ ಕಣೋ’ ಎಂದು ಮಗನಿಗೆ ಹೇಳುತ್ತಾರೆ. ಇಬ್ಬರ ನಂಬಿಕೆಯೂ ಒಂದೇ: ಇದು ಕೊಳ್ಳುವ ಸರಕು, ಬೆಲೆ ತೆರಲಾಗದವರು ದೂರ ನಿಲ್ಲಬೇಕು. ಈ ನಂಬಿಕೆ ತಪ್ಪು ಎಂದು ನಾನು ಹೇಳುತ್ತೇನೆ. ಬುದ್ಧಿವಂತರೂ ಕುತೂಹಲಿಗಳೂ ಆದ ಸಾವಿರಾರು ಮಕ್ಕಳ ಎದುರು ಅದು ಸುಳ್ಳು ಗೋಡೆ ಕಟ್ಟಿ ನಿಲ್ಲಿಸಿದೆ.

ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ನೋಡೋಣ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆಂಗಳೂರಿನಿಂದ ಜರ್ಮನಿಗೆ ಮೂರು ವಾರಕ್ಕೆ ಹೋಗುತ್ತಾಳೆ ಎಂದುಕೊಳ್ಳಿ. ತಿಂಗಳುಗಳ ಮುಂಚೆ ಕೊಂಡರೆ ವಿಮಾನದ ಟಿಕೆಟ್ಟು ಹೋಗಿಬರಲು ಅರವತ್ತರಿಂದ ಎಂಬತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಪ್ರಯಾಣ ವಿಮೆ ಕಡ್ಡಾಯ, ಆದರೆ ಅದು ದೊಡ್ಡ ಮೊತ್ತವಲ್ಲ. ಷೆಂಗೆನ್ ವೀಸಾಕ್ಕೆ ದೊಡ್ಡವರು 90 ಯೂರೊ ಕಟ್ಟಬೇಕು. ಓದಿಗಾಗಿ ಹೋಗುವ ಶಾಲಾ ಮಕ್ಕಳಿಗೂ ಅವರ ಜೊತೆ ಹೋಗುವ ಶಿಕ್ಷಕರಿಗೂ ಯುರೋಪಿನ ವೀಸಾ ನಿಯಮವೇ ಆ ಶುಲ್ಕದಿಂದ ವಿನಾಯಿತಿ ಕೊಟ್ಟಿದೆ. ಎಷ್ಟು ಪೋಷಕರಿಗೆ ಇದು ಗೊತ್ತು? ಇಲ್ಲಿಯವರೆಗಿನ ಲೆಕ್ಕ ಒಂದು ಲಕ್ಷವನ್ನು ಮುಟ್ಟಿಲ್ಲ. ಸುತ್ತೋಲೆಯಲ್ಲಿನ ಮೊತ್ತ ಅದರ ಮೂರು ನಾಲ್ಕು ಪಟ್ಟು ಇರುವುದಕ್ಕೆ ಕಾರಣ ಹೋಟೆಲು, ಹೊರಗಿನ ಊಟ, ಬಾಡಿಗೆ ಬಸ್ಸು, ಗೈಡು, ನಡುವೆ ನಿಂತವರ ಕಮಿಷನ್ನು. ಒಂದು ಮನೆ ಬಾಗಿಲು ತೆರೆದು ‘ಬಾ ಮಗು, ಒಳಗೆ ಬಾ’ ಎಂದರೆ ಈ ಪಟ್ಟಿಯ ಮುಕ್ಕಾಲು ಪಾಲು ಅಳಿಸಿಹೋಗುತ್ತದೆ. ಅಡುಗೆ ಆಗುತ್ತಿರುವ ಮನೆಯಲ್ಲಿ ಇನ್ನೊಂದು ತಟ್ಟೆ ಹಾಕುವುದಕ್ಕೆ ತಗಲುವ ಖರ್ಚು ಯಾವ ದೇಶದಲ್ಲೂ ಹೋಟೆಲಿನ ಬಿಲ್ಲಿಗೆ ಸಮನಲ್ಲ.

ಹಣ ಕಟ್ಟಿದವರಿಗಾದರೂ ಸಿಗುವುದೇನು? ಹತ್ತು ದಿನದಲ್ಲಿ ನಾಲ್ಕು ನಗರ, ಒಂದು ಬಾಹ್ಯಾಕಾಶ ಕೇಂದ್ರ, ಒಂದು ಥೀಮ್ ಪಾರ್ಕು. ಬಸ್ಸಿನಲ್ಲಿ ಪಕ್ಕ ಕೂರುವವನು ಅದೇ ತರಗತಿಯ ಗೆಳೆಯ, ರಾತ್ರಿಯ ಊಟ ಭಾರತೀಯ ಹೋಟೆಲಿನದು, ಮಾತು ಅದೇ ಬೆಂಗಳೂರು ಇಂಗ್ಲಿಷು. ಆ ದೇಶದ ಒಂದು ಮಗುವಿನೊಂದಿಗೂ ಜಗಳವಾಡದೆ, ಅಲ್ಲಿನ ಒಬ್ಬ ತಾಯಿಯ ಕೈಯಲ್ಲೂ ಬೈಸಿಕೊಳ್ಳದೆ ಹಿಂದಿರುಗುವ ಮಗು ಆ ದೇಶವನ್ನು ಕಂಡಿದೆ ಎಂದು ನಾನು ಒಪ್ಪುವುದಿಲ್ಲ. ಪ್ರವಾಸ ಮಾಡುವುದರಲ್ಲಿ ತಪ್ಪಿಲ್ಲ. ಅದನ್ನು ವಿದ್ಯಾರ್ಥಿ ವಿನಿಮಯ ಎಂದು ಕರೆದು ಮಾರುವುದು ತಪ್ಪು. ವಿನಿಮಯದಲ್ಲಿ ಇಲ್ಲಿಂದ ಒಬ್ಬರು ಹೋದರೆ ಅಲ್ಲಿಂದ ಒಬ್ಬರು ಬರಬೇಕು. ನಮ್ಮ ಶಾಲೆಗಳ ಈ ವ್ಯವಹಾರದಲ್ಲಿ ಅಲ್ಲಿಂದ ಯಾರೂ ಬರುವುದಿಲ್ಲ, ಬರಲಿ ಎಂದು ಯಾರೂ ಕೇಳುವುದೂ ಇಲ್ಲ.

ಮನೆ ಮನೆಗಳ ನಡುವಿನ ವಿನಿಮಯ ಬರೀ ಆದರ್ಶದ ಮಾತು ಎನ್ನುವವರು ಫ್ರಾನ್ಸ್ ಮತ್ತು ಜರ್ಮನಿಯ ಕಥೆಯನ್ನು ತಿಳಿಯಬೇಕು. 1870, 1914, 1939: ಎಪ್ಪತ್ತು ವರ್ಷದಲ್ಲಿ ಮೂರು ಸಲ ಈ ಎರಡು ದೇಶಗಳು ಯುದ್ಧಕ್ಕೆ ಇಳಿದಿದ್ದವು. ಅಪ್ಪನನ್ನೋ ಅಣ್ಣನನ್ನೋ ಕಳೆದುಕೊಳ್ಳದ ಮನೆಗಳು ಗಡಿಯ ಎರಡೂ ಕಡೆ ವಿರಳ. ಫ್ರಾನ್ಸಿನ ಮಾಂಬೆಲಿಯಾರ್ ಪಟ್ಟಣದ ಮೇಯರ್ ಲೂಸಿಯಾಂ ಥರಾದಾಂ ನಾಜಿಗಳ ವಿರುದ್ಧ ಹೋರಾಡಿ ಬುಖೆನ್‌ವಾಲ್ಡ್ ಸೆರೆಶಿಬಿರದಲ್ಲಿ ನರಳಿ ಬದುಕಿ ಬಂದವರು. ಜರ್ಮನರ ಮುಖ ನೋಡುವುದಿಲ್ಲ ಎನ್ನುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗಿತ್ತು. 1950ರಲ್ಲಿ ಅವರ ಪಟ್ಟಣ ಜರ್ಮನಿಯ ಲುಡ್ವಿಗ್ಸ್‌ಬರ್ಗ್ ನಗರದೊಡನೆ ಸೋದರ ನಗರದ ನಂಟು ಬೆಳೆಸಿತು. ಯುದ್ಧಾನಂತರ ಆ ಎರಡು ದೇಶಗಳ ನಗರಗಳ ನಡುವೆ ಬೆಳೆದ ಮೊದಲ ನಂಟು ಅದು. ಅಂಥವು ಇಂದು ಎರಡು ಸಾವಿರಕ್ಕೂ ಹೆಚ್ಚು ಇವೆ.

1962ರ ಸೆಪ್ಟೆಂಬರ್ 9ರಂದು ಅದೇ ಲುಡ್ವಿಗ್ಸ್‌ಬರ್ಗ್‌ನ ಅರಮನೆಯ ಅಂಗಳದಲ್ಲಿ ಫ್ರಾನ್ಸಿನ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ ಜರ್ಮನಿಯ ಯುವಜನರಿಗೆ ಅವರ ಭಾಷೆಯಲ್ಲೇ ಭಾಷಣ ಮಾಡಿದರು. 1963ರ ಜನವರಿ 22ರಂದು ಅವರೂ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಅಡೆನವರ್ ಅವರೂ ಎಲಿಸೀ ಒಪ್ಪಂದಕ್ಕೆ ಸಹಿ ಹಾಕಿದರು. ಆ ವರ್ಷದ ಜುಲೈಯಲ್ಲಿ ಎರಡು ಸರ್ಕಾರಗಳೂ ಸೇರಿ ಯುವಜನರ ವಿನಿಮಯಕ್ಕೆಂದೇ ಒಂದು ಜಂಟಿ ಕಚೇರಿ ತೆರೆದವು. ಅಲ್ಲಿಂದೀಚೆಗೆ 90 ಲಕ್ಷಕ್ಕೂ ಹೆಚ್ಚು ಯುವಜನರು ಅದರ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡಿದ್ದಾರೆ. ಇಷ್ಟು ಜನರಿಗೆ ಯಾವ ಸರ್ಕಾರ ಹೋಟೆಲು ಮಾಡಿಸಿಕೊಡಬಲ್ಲದು? ಶಾಲಾ ಮಕ್ಕಳ ವಿನಿಮಯದಲ್ಲಿ ಸರ್ಕಾರ ಪ್ರಯಾಣಕ್ಕೆ ಒಂದಿಷ್ಟು ಸಹಾಯಧನ ಕೊಟ್ಟಿತು, ಹಾಸಿಗೆಯನ್ನೂ ಅನ್ನವನ್ನೂ ಕೊಟ್ಟದ್ದು ಕುಟುಂಬಗಳು. ಇಂದಿಗೂ ಅಲ್ಲಿ ಬ್ರಿಜಿಟ್ ಸೊಜೆ ಹೆಸರಿನ ಕಾರ್ಯಕ್ರಮದಲ್ಲಿ ಮಕ್ಕಳು ಸುಮಾರು ಮೂರು ತಿಂಗಳು, ವಾಲ್ಟೇರ್ ಹೆಸರಿನದರಲ್ಲಿ ಆರು ತಿಂಗಳು ತಮ್ಮ ಜೊತೆಗಾರರ ಮನೆಯಲ್ಲಿದ್ದು ಅವರ ಶಾಲೆಗೇ ಹೋಗುತ್ತಾರೆ. ಆಮೇಲೆ ಆ ಜೊತೆಗಾರರು ಬಂದು ಇವರ ಮನೆಯಲ್ಲಿ ಅಷ್ಟೇ ಕಾಲ ಇರುತ್ತಾರೆ. ಮನೆಯವರು ಒಬ್ಬರಿಗೊಬ್ಬರು ಹಣ ಕೊಡುವುದಿಲ್ಲ.

‘ಅವರು ಶ್ರೀಮಂತ ದೇಶದವರು, ಅವರಿಗೆ ನಡೆಯುತ್ತದೆ’ ಎಂಬ ಮಾತು ಇಲ್ಲಿ ಬರುತ್ತದೆ. ಪಶ್ಚಿಮ ಜರ್ಮನಿಯಲ್ಲಿ ಆಹಾರದ ಪಡಿತರ ಕೊನೆಗೊಂಡದ್ದೇ 1950ರಲ್ಲಿ. ಬಾಂಬಿಗೆ ಉರುಳಿದ ಊರುಗಳು ಇನ್ನೂ ಎದ್ದುನಿಂತಿರಲಿಲ್ಲ. ಅಂಥ ಕಾಲದಲ್ಲಿ ಬೇರೂರಿದ ಪದ್ಧತಿ ಇದು. ಅವರು ಸಿರಿವಂತರಾಗಿ ಆಮೇಲೆ ಬಾಗಿಲು ತೆರೆದವರಲ್ಲ.

ಇನ್ನು ರೂಪಾಯಿ ಮತ್ತು ಯೂರೊ ನಡುವಿನ ಅಂತರ. ನಮ್ಮವರನ್ನು ಅತಿ ಹೆಚ್ಚು ಹೆದರಿಸುವುದು ಇದೇ. ಈ ಭಯವನ್ನು ಬೇರುಸಹಿತ ಕೀಳುವ ಶಕ್ತಿ ಮನೆ ವಿನಿಮಯಕ್ಕೆ ಮಾತ್ರ ಇದೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಕ್ರಮವಿದೆಯಲ್ಲ, ನಾಟಿಯ ಹೊತ್ತಿಗೆ ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಇಬ್ಬರು ಬಂದರೆ ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಇಬ್ಬರು ಬರಬೇಕು. ಯಾರ ಗದ್ದೆ ಎಷ್ಟು ಎಕರೆ, ಯಾರ ಭತ್ತಕ್ಕೆ ಎಷ್ಟು ಬೆಲೆ ಬಂತು ಎಂದು ಅಲ್ಲಿ ಕೇಳುವುದಿಲ್ಲ. ಆಳಿಗೆ ಆಳು, ದಿನಕ್ಕೆ ದಿನ. ಇಪ್ಪತ್ತು ದಿನ ನಮ್ಮ ಮಗಳು ಸ್ಟುಟ್‌ಗಾರ್ಟಿನ ಮನೆಯಲ್ಲಿ ಬ್ರೆಡ್ಡು, ಆಲೂಗೆಡ್ಡೆ ತಿನ್ನುತ್ತಾಳೆ. ಇಪ್ಪತ್ತು ದಿನ ಅವರ ಮಗಳು ಹಾಸನದ ಮನೆಯಲ್ಲಿ ಅನ್ನ ಸಾರು, ಅಕ್ಕಿರೊಟ್ಟಿ ತಿನ್ನುತ್ತಾಳೆ. ಹಣಕ್ಕೆ ತಿರುಗಿಸಿದರೆ ಇವೆರಡೂ ಸಮವಲ್ಲ. ದಿನದಲ್ಲಿ ಎಣಿಸಿದರೆ ಪೂರ್ತಿ ಸಮ. ನಾವು ಯೂರೊ ಕೊಟ್ಟು ಕೊಳ್ಳಬೇಕಾಗಿದ್ದ ವಾಸವನ್ನು ನಮ್ಮದೇ ಅಡುಗೆಮನೆಯ ರಾಗಿ ಅಕ್ಕಿಯಲ್ಲಿ ತೀರಿಸಿದ್ದೇವೆ. ಬಡ ದೇಶದ ಕುಟುಂಬ ಸಿರಿವಂತ ದೇಶದ ಕುಟುಂಬದ ಎದುರು ದಾನ ಪಡೆಯುವವರಾಗಿ ನಿಲ್ಲದೆ ಸರಿಸಮರಾಗಿ ನಿಲ್ಲಲು ಇದಕ್ಕಿಂತ ಗೌರವದ ದಾರಿ ನನಗೆ ಕಾಣುತ್ತಿಲ್ಲ.

ಹಣ ಪಡೆಯದೆ ಮಗುವನ್ನು ಮನೆಯಲ್ಲಿಟ್ಟುಕೊಳ್ಳುವ ಪದ್ಧತಿ ಯುರೋಪಿಗಷ್ಟೇ ಸೇರಿದ್ದಲ್ಲ. ಫ್ರಾನ್ಸಿನ ನೀಸ್ ನಗರದ ರೋಟರಿ ಕ್ಲಬ್ಬು 1927ರಲ್ಲಿ ಶುರುಮಾಡಿದ ವಿನಿಮಯ ಇಂದು ಲೋಕದ ತುಂಬ ಹರಡಿದೆ. ಅಲ್ಲಿಯೂ ಊಟ ವಸತಿ ಆತಿಥೇಯ ಕುಟುಂಬದ್ದು, ರೋಟರಿ ಸದಸ್ಯರ ಮಕ್ಕಳೇ ಆಗಬೇಕೆಂದಿಲ್ಲ. 1915ರಲ್ಲಿ ಯುದ್ಧಭೂಮಿಯ ಗಾಯಾಳುಗಳನ್ನು ಸಾಗಿಸಲು ಹುಟ್ಟಿದ ಅಮೆರಿಕದ ಆಂಬುಲೆನ್ಸ್ ಪಡೆಯೊಂದು ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಪ್ರೌಢಶಾಲೆಯ ಮಕ್ಕಳ ವಿನಿಮಯಕ್ಕೆ ಕೈಹಾಕಿತು. ಅದೇ ಇಂದಿನ ಎಎಫ್‌ಎಸ್. ಅಮೆರಿಕದಲ್ಲಂತೂ ಜೆ-1 ಎಂಬ ವಿನಿಮಯ ವೀಸಾದಲ್ಲಿ ಬರುವ ಶಾಲಾ ವಿದ್ಯಾರ್ಥಿಯನ್ನು ಇಟ್ಟುಕೊಳ್ಳುವ ಕುಟುಂಬಕ್ಕೆ ಸಂಭಾವನೆ ಕೊಡುವುದನ್ನು ಸರ್ಕಾರಿ ನಿಯಮವೇ ತಡೆದಿದೆ.

ಇಲ್ಲಿ ನನಗೆ ಸಿಟ್ಟು ಬರುವ ಒಂದು ಸಂಗತಿ ಇದೆ. ಮಗುವನ್ನು ಹತ್ತು ತಿಂಗಳು ಸಾಕುವ ಅಮೆರಿಕದ ಮನೆಯವರಿಗೆ ಒಂದು ಡಾಲರೂ ಸಿಗುವುದಿಲ್ಲ. ಮಗುವನ್ನು ಕಳಿಸುವ ಮನೆಯವರು ಏಜೆನ್ಸಿಗಳಿಗೆ ಕಟ್ಟುವ ಹಣ ಮಾತ್ರ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಅದರಲ್ಲಿ ನ್ಯಾಯವಾದ ಖರ್ಚುಗಳೂ ಇವೆ. ಮನೆಗಳನ್ನು ಪರಿಶೀಲಿಸಬೇಕು, ವಿಮೆ ಮಾಡಿಸಬೇಕು, ಊರಿನಲ್ಲೊಬ್ಬ ಸಂಯೋಜಕ ಇರಬೇಕು. ಅವನ್ನೆಲ್ಲ ಕಳೆದ ಮೇಲೂ ದೊಡ್ಡದೊಂದು ಭಾಗ ಉಳಿಯುವ ಕಡೆ, ಯಾರದೋ ಪುಕ್ಕಟೆ ಪ್ರೀತಿಗೆ ಇನ್ನಾರೋ ಬೆಲೆಚೀಟಿ ಅಂಟಿಸಿ ಮಾರುತ್ತಿದ್ದಾರೆ ಎಂದೇ ಅರ್ಥ. ಎರಡು ಕಡೆಯ ಕುಟುಂಬಗಳು ನೇರವಾಗಿ, ಶಾಲೆಯ ಮೂಲಕವೋ ಕ್ಲಬ್ಬಿನ ಮೂಲಕವೋ ಕೈಜೋಡಿಸಿದರೆ ಈ ನಡುವಿನ ಪಾಲಿಗೆ ಜಾಗವೇ ಇರುವುದಿಲ್ಲ.

‘ಹಣ ಕೊಟ್ಟರೆ ಜವಾಬ್ದಾರಿ ಇರುತ್ತದೆ, ಪುಕ್ಕಟೆ ಎಂದರೆ ಮಗುವಿನ ಸುರಕ್ಷತೆಗೆ ಯಾರು ಹೊಣೆ?’ ಎಂದು ತಾಯಂದಿರು ಕೇಳುತ್ತಾರೆ. ಹೆಣ್ಣುಮಕ್ಕಳ ತಾಯಂದಿರಂತೂ ಕೇಳಲೇಬೇಕು. ಹಗುರವಾಗಿ ತಳ್ಳಿಹಾಕುವ ಪ್ರಶ್ನೆ ಇದಲ್ಲ. ಅಪರಿಚಿತರ ಮನೆಯಲ್ಲಿ ಮಕ್ಕಳಿಗೆ ಕೆಟ್ಟದ್ದು ಆದದ್ದುಂಟು. ಆದರೆ ಮಗುವನ್ನು ಕಾಯುವುದು ಹಣವಲ್ಲ, ಪರಿಶೀಲನೆ. ಅಮೆರಿಕದ ನಿಯಮದಂತೆ ಆತಿಥೇಯರ ಮನೆಗೇ ಹೋಗಿ ಎಲ್ಲರನ್ನೂ ಕಂಡು ಮಾತಾಡಬೇಕು, ಮನೆಯಲ್ಲಿರುವ ಹದಿನೆಂಟು ದಾಟಿದ ಪ್ರತಿಯೊಬ್ಬರ ಅಪರಾಧ ದಾಖಲೆ ನೋಡಬೇಕು, ಸಂಯೋಜಕರು ತಿಂಗಳಿಗೊಮ್ಮೆಯಾದರೂ ಮಗುವನ್ನು ಮಾತಾಡಿಸಬೇಕು. ರೋಟರಿಯಲ್ಲಿ ಪ್ರತಿ ಮಗುವಿಗೂ ಆತಿಥೇಯ ಕುಟುಂಬಕ್ಕೆ ಸೇರದ ಒಬ್ಬ ಸಲಹೆಗಾರ ಇರುತ್ತಾರೆ. ಹದಿನಾರು ತುಂಬದ ಮಗು ಬಂಧುಗಳಲ್ಲದವರ ಮನೆಯಲ್ಲಿ 28 ದಿನ ಅಥವಾ ಹೆಚ್ಚು ಕಾಲ ಇರುವುದಾದರೆ ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತಕ್ಕೆ ತಿಳಿಸುವುದು ಕಡ್ಡಾಯ. ಇವುಗಳಲ್ಲಿ ಯಾವುದನ್ನೂ ಬಿಡಬೇಡಿ. ಅಲ್ಲಿನ ಶಾಲೆಯ ಒಬ್ಬ ಶಿಕ್ಷಕಿಯ ನಂಬರು ಮಗುವಿನ ಫೋನಿನಲ್ಲಿರಲಿ. ಮನಸ್ಸಿಗೆ ಸರಿಬಾರದಿದ್ದರೆ ಅದೇ ರಾತ್ರಿ ಆ ಮನೆ ಬಿಟ್ಟು ಅವರಲ್ಲಿಗೆ ಹೋಗಬಹುದು, ಯಾರೂ ಬೈಯುವುದಿಲ್ಲ ಎಂದು ಹೊರಡುವ ಮುಂಚೆಯೇ ಹೇಳಿ. ಎರಡು ಮನೆಯವರೂ ಕನಿಷ್ಠ ಒಂದು ವರ್ಷ ವಿಡಿಯೊ ಕರೆಯಲ್ಲಿ ಮಾತಾಡುತ್ತಿರಲಿ, ಅಜ್ಜ ಅಜ್ಜಿಯರ ತನಕ ಪರಿಚಯವಾಗಲಿ. ನಾಳೆ ತಮ್ಮ ಮಗುವೂ ನಮ್ಮ ಮನೆಗೆ ಬರಲಿದೆ ಎಂದು ಗೊತ್ತಿರುವ ತಾಯಿ ನಮ್ಮ ಮಗುವನ್ನು ನೋಡಿಕೊಳ್ಳುವ ರೀತಿಗೂ, ವಾರದ ಬಾಡಿಗೆ ಪಡೆಯುವ ಮನೆಯೊಡತಿಯ ರೀತಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಉಳಿದದ್ದು ವಿಮಾನದ ಟಿಕೆಟ್ಟು. ಮುಯ್ಯಿ ಇದನ್ನು ತೀರಿಸಲಾರದು, ಒಪ್ಪುತ್ತೇನೆ. ಆದರೆ ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಕಟ್ಟಿದ ನಾಡು ನಮ್ಮದು. ಪ್ರತಿ ಬೀದಿಯಲ್ಲೂ ಚೀಟಿ ನಡೆಸುವ, ಪ್ರತಿ ಹಳ್ಳಿಯಲ್ಲೂ ಸ್ತ್ರೀಶಕ್ತಿ ಸಂಘವಿರುವ ನಾಡು. ಒಂದು ಶಾಲೆಯ ಹದಿನೈದು ಕುಟುಂಬಗಳು ಮಕ್ಕಳು ಏಳನೆಯ ತರಗತಿಯಲ್ಲಿರುವಾಗಲೇ ಒಟ್ಟುಗೂಡಿ ತಿಂಗಳಿಗೆ 2,500 ರೂಪಾಯಿ ಹಾಕುತ್ತ ಬಂದರೆ 30 ತಿಂಗಳಿಗೆ ಪ್ರತಿ ಮಗುವಿನ ಹೆಸರಲ್ಲಿ 75,000 ಇರುತ್ತದೆ. ಕೂಲಿ ಮಾಡುವ ಮನೆಗೆ ತಿಂಗಳಿಗೆ 2,500 ದೊಡ್ಡ ಮೊತ್ತ. ಹಾಗಾಗಿ ಹದಿನೈದು ಮನೆಗಳೂ 200 ರೂಪಾಯಿ ಹೆಚ್ಚಿಗೆ ಹಾಕಲಿ. ಅದೇ 30 ತಿಂಗಳಿಗೆ 90,000 ಆಗುತ್ತದೆ; ಏನೂ ಕಟ್ಟಲಾಗದ ಮನೆಯ ಹದಿನಾರನೆಯ ಮಗುವೂ ಅವರ ಜೊತೆ ವಿಮಾನ ಹತ್ತುತ್ತದೆ. ಆ ಮಗುವಿನ ಮನೆಗೂ ಅಲ್ಲಿಂದ ಒಬ್ಬ ಅತಿಥಿ ಬರಬೇಕು. ‘ಪಾಪ, ಅವರ ಮನೆ ಚಿಕ್ಕದು’ ಎಂದು ಬೇರೆಯವರ ಮನೆಯಲ್ಲಿ ಇರಿಸುವ ಔದಾರ್ಯ ಬೇಡ. ಅಮೆರಿಕದ ನಿಯಮ ಕೂಡ ಮಗುವಿಗೆ ಕೇಳುವುದು ಪ್ರತ್ಯೇಕ ಹಾಸಿಗೆ, ಚೊಕ್ಕಟವಾದ ಮನೆ, ಪ್ರತ್ಯೇಕ ಕೋಣೆಯನ್ನಲ್ಲ.

‘ನಮ್ಮೂರಿಗೆ ಯಾರು ಬರುತ್ತಾರೆ?’ ಎಂಬ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಮಾಂಬೆಲಿಯಾರ್ ಪ್ರವಾಸಿಗರ ಊರೇನಲ್ಲ, ಪಕ್ಕದಲ್ಲೇ ಪೂಜೋ ಕಾರು ಕಾರ್ಖಾನೆ ಇರುವ ಕೆಲಸಗಾರರ ಪಟ್ಟಣ. ನಮ್ಮ ಊರುಗಳಿಗೂ ಅಂಥ ನಂಟುಗಳಿವೆ: ಬೆಂಗಳೂರಿಗೂ ಬೆಲಾರೂಸ್‌ನ ಮಿನ್ಸ್ಕ್‌ಗೂ 1973ರಿಂದ ಸೋದರ ನಗರದ ಸಂಬಂಧವಿದೆ. ಕಬ್ಬನ್ ಪಾರ್ಕಿನ ಪಕ್ಕದ ಮಿನ್ಸ್ಕ್ ಚೌಕದ ಹೆಸರು ಅದರಿಂದ ಬಂತು. ಮೈಸೂರಿಗೆ ಅಮೆರಿಕದ ಸಿನ್ಸಿನಾಟಿಯ ನಂಟಿದೆ. ಇವುಗಳಿಂದ ನಮ್ಮ ಎಷ್ಟು ಮಕ್ಕಳು ಅಲ್ಲಿನ ಮನೆಗಳಲ್ಲಿ ಮಲಗಿ ಎದ್ದಿದ್ದಾರೆ ಎಂದು ಪಾಲಿಕೆಗಳನ್ನು ಕೇಳಬೇಕಾದವರು ಪೋಷಕರು. ಬಂದುಹೋಗುವ ಕಾಲವೂ ಹೊಂದುತ್ತದೆ: ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಅಕ್ಟೋಬರಿನಲ್ಲಿ ಶರತ್ಕಾಲದ ರಜೆ ಇರುತ್ತದೆ, ನಮ್ಮ ದಸರಾ ರಜೆಯ ಆಜುಬಾಜಿನಲ್ಲೇ. ಅವರ ಈಸ್ಟರ್ ರಜೆ ಬಹುಮಟ್ಟಿಗೆ ನಮ್ಮ ಬೇಸಿಗೆ ರಜೆಗೆ ತಾಗಿಕೊಂಡು ಬರುತ್ತದೆ. ಜರ್ಮನ್, ಫ್ರೆಂಚ್ ಕಲಿಸುವ ಶಾಲೆಗಳೂ ಶಿಕ್ಷಕರೂ ಬೆಂಗಳೂರಿನಲ್ಲಿ ಧಾರಾಳವಾಗಿದ್ದಾರೆ. ಹೊರದೇಶದ ಅತಿಥಿ ಮನೆಗೆ ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ವಿವರ ಸಲ್ಲಿಸಬೇಕು. ಅಷ್ಟು ಕೆಲಸಕ್ಕೆ ಹೆದರುವವರು ಅವರ ದೇಶದ ವೀಸಾ ಫಾರಂಗಳನ್ನು ಹೇಗೆ ತುಂಬುತ್ತಾರೆ?

ಹೊರನಾಡ ಕನ್ನಡ ಕೂಟಗಳು ಇದರಲ್ಲಿ ಸೇತುವೆಯಾಗಬಲ್ಲವು. ನ್ಯೂಜೆರ್ಸಿಯ ಕನ್ನಡ ಕುಟುಂಬವೇ ನಮ್ಮ ಮಗುವನ್ನು ಇಟ್ಟುಕೊಂಡರೆ ಅದು ನೆಂಟರ ಮನೆಗೆ ಹೋದಂತೆ, ತಪ್ಪಲ್ಲ, ಆದರೆ ನಾನು ಹೇಳುತ್ತಿರುವುದು ಅದಲ್ಲ. ಅವರ ಪಕ್ಕದ ಮನೆಯ, ಅವರ ಮಕ್ಕಳ ಶಾಲೆಯ, ನಮ್ಮ ಭಾಷೆ ಗೊತ್ತಿಲ್ಲದ ಕುಟುಂಬವನ್ನು ಅವರು ಪರಿಚಯ ಮಾಡಿಸಲಿ, ತೊಂದರೆಯಾದರೆ ಓಡಿಬರುವ ಅಕ್ಕನೋ ಮಾವನೋ ಆಗಿ ಹತ್ತಿರದಲ್ಲಿರಲಿ.

ಇಷ್ಟೆಲ್ಲ ಹೇಳಿದ ಮೇಲೂ ಅನೇಕ ಮನೆಗಳು ಒಪ್ಪುವುದಿಲ್ಲ ಎಂದು ಬಲ್ಲೆ. ಆಗ ಮುಂದೆ ಬರುವ ಕಾರಣ ಹಣದ್ದಲ್ಲ. ಬರುವ ಹುಡುಗ ಏನು ತಿನ್ನುತ್ತಾನೋ, ದೇವರ ಮನೆಯ ಹತ್ತಿರ ಓಡಾಡುತ್ತಾನೋ, ಅತ್ತೆಯವರು ಏನೆನ್ನುತ್ತಾರೋ. ಹಾಗೆ ನೋಡಿದರೆ ವಿದ್ಯಾರ್ಥಿಗೆ ಮನೆಮನೆಯಲ್ಲಿ ಅನ್ನವಿಕ್ಕಿ ಓದಿಸಿದ ಪದ್ಧತಿ ನಮಗೆ ಹೊಸದಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಉಂಡು ಮೈಸೂರು, ಧಾರವಾಡಗಳಲ್ಲಿ ಒಂದು ತಲೆಮಾರೇ ಓದಿತು. ಆದರೆ ಆ ಬಾಗಿಲುಗಳು ಬಹುಪಾಲು ಸ್ವಜಾತಿಯ ಹುಡುಗರಿಗೆ ಮಾತ್ರ ತೆರೆದವು, ಹೆಣ್ಣುಮಕ್ಕಳಿಗೆ ತೆರೆಯಲೇ ಇಲ್ಲ. ಜಾತಿ ಕೇಳದೆ ಎಲ್ಲ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಿಸಿದ ಕೀರ್ತಿ ತುಮಕೂರಿನ ಸಿದ್ಧಗಂಗೆಯಂಥ ಮಠಕ್ಕೆ ಸಲ್ಲುತ್ತದೆ. ಆ ದಾಸೋಹಕ್ಕೆ ಕಾಳು ಕಡಿ ಹೊತ್ತು ತಂದವರು ಹಳ್ಳಿಯ ರೈತರು. ಇಂದಿಗೂ ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ ಊಟದ್ದು, ಎರಡನೆಯದು ಜಾತಿಯದು. ಪಕ್ಕದ ಬೀದಿಯ ದಲಿತ ಹುಡುಗಿಯನ್ನು ಅಡುಗೆಮನೆಗೆ ಬಿಟ್ಟುಕೊಳ್ಳದವರು ತಮ್ಮ ಮಗಳನ್ನು ಫ್ರಾನ್ಸಿನ ಅಡುಗೆಮನೆಯವರು ಬರಮಾಡಿಕೊಳ್ಳಲಿ ಎಂದು ಬಯಸುವುದಕ್ಕೆ ಯಾವ ನ್ಯಾಯವೂ ಇಲ್ಲ.

ಆದ್ದರಿಂದ ಗುಂಪು ಕಟ್ಟುವ ಕುಟುಂಬಗಳಿಗೆ ನನ್ನ ಕೇಳಿಕೆ: ಪಾಸ್‌ಪೋರ್ಟ್ ಮಾಡಿಸುವ ಮುಂಚೆ ಒಂದು ವಿನಿಮಯವನ್ನು ಕರ್ನಾಟಕದ ಒಳಗೇ ಮಾಡಿ. ಉಡುಪಿಯ ಎಂಟು ಮಕ್ಕಳು ಏಪ್ರಿಲ್ ಮೊದಲ ವಾರ ಕಲಬುರಗಿಯ ಎಂಟು ಮನೆಗಳಲ್ಲಿರಲಿ, ಆ ಬಿಸಿಲು ಕಾಣಲಿ, ಜೋಳದ ರೊಟ್ಟಿ ಬಡಿಯಲು ಕಲಿಯಲಿ. ಮೇ ತಿಂಗಳಲ್ಲಿ ಕಲಬುರಗಿಯ ಎಂಟು ಮಕ್ಕಳು ಉಡುಪಿಗೆ ಬಂದು ಕುಚ್ಚಲಕ್ಕಿ ಗಂಜಿ ಉಣ್ಣಲಿ. ಯಾವ ಮಗು ಯಾವ ಮನೆಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಹಿಂದೂ, ಮುಸ್ಲಿಂ, ಲಿಂಗಾಯತ, ದಲಿತ, ಬಂಟ, ಬ್ರಾಹ್ಮಣ ಎಂದು ನೋಡಿ ಹಂಚಬೇಡಿ. ಮಾಂಸ ತಿನ್ನದ ಮಗುವಿಗೆ ತಿನ್ನಿಸಬಾರದು, ತಿನ್ನುವ ಮಗುವನ್ನು ಹೀಯಾಳಿಸಬಾರದು ಎಂಬ ಎರಡು ಕಟ್ಟಳೆ ಸಾಕು. ಖರ್ಚು ಸರ್ಕಾರಿ ಬಸ್ಸಿನ ಟಿಕೆಟ್ಟು ಮಾತ್ರ. ಆ ಎರಡು ವಾರದಲ್ಲಿ ಯಾವ ಮನೆ ಮಗುವನ್ನು ಚೆನ್ನಾಗಿ ನೋಡಿಕೊಂಡಿತು, ಯಾವ ಮಗು ಮನೆ ನೆನೆದು ಅತ್ತು ಎರಡನೆಯ ದಿನವೇ ಹೊರಟುಬಂತು, ಚೀಟಿ ಎತ್ತುವ ಹೊತ್ತಿಗೆ ಯಾವ ಕುಟುಂಬ ಹಿಂದೆ ಸರಿಯಿತು, ಇವೆಲ್ಲ ಗೊತ್ತಾಗುತ್ತದೆ. ಜೂನ್ ತಿಂಗಳಲ್ಲಿ ಜರ್ಮನಿಯ ಯಾವುದಾದರೂ ಶಾಲೆಗೆ ಪತ್ರ ಬರೆಯುವಾಗ, ನಮ್ಮಲ್ಲಿ ಇಷ್ಟು ಮನೆಗಳು ನಿಮ್ಮ ಮಕ್ಕಳಿಗಾಗಿ ಸಿದ್ಧವಿವೆ ಎಂಬ ಒಕ್ಕಣೆಯೇ ಮೊದಲು ಬರಲಿ. ನಮ್ಮ ಮಕ್ಕಳನ್ನು ಕಳಿಸುವ ವಿಚಾರ ಅದರ ನಂತರದ ಸಾಲಿನಲ್ಲಿರಲಿ.